ಬ್ಯಾಟರಿಗೆ ಹಾಕಿದ ಅಬ್ಬಿ ನೀರು

ಮೊಣಕಾಲು ಕೈಕೊಟ್ಟಾಗ ನನಗೆ ನಲವತ್ತಾರು. ಹೆಗಡೆಕಟ್ಟಾದ ಹತ್ತಿರದ ನಮ್ಮ ಮನೆಯಿಂದ ನಾನು ಕಲಿಸುತ್ತಿದ್ದ ಶಾಲೆಗೆ ಐದು ಕಿಲೋಮೀಟರು. ಕೊನೆಯ ಒಂದೂವರೆ ಕಿಲೋಮೀಟರು ಬರೀ ಏರು. ಹದಿನೆಂಟು ವರ್ಷ ಆ ಏರನ್ನು ಲೇಡೀಸ್ ಸೈಕಲ್ಲಿನಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಮ್ಮೆಯೂ ಇಳಿಯದೆ ಹತ್ತಿದವಳು ನಾನು. ಊರಿನ ಗಂಡಸರು ಇಳಿದು ತಳ್ಳುವ ಜಾಗ ಅದು. ಜಂಬ ಇತ್ತು, ಇಲ್ಲವೆನ್ನುವುದಿಲ್ಲ. ಡಾಕ್ಟರು ಪೆಡಲ್ ತುಳಿಯುವುದು ಸಾಕು ಎಂದರು. ಬಸ್ಸೋ, ಶಾಲೆಯ ಪ್ರಾರ್ಥನೆ ಮುಗಿದು ಮುಕ್ಕಾಲು ಗಂಟೆ ಕಳೆದ ಮೇಲೆ ಬರುತ್ತಿತ್ತು.

ಅದು ಎರಡು ಸಾವಿರದ ಆರೋ ಏಳೋ ಇರಬೇಕು. ಶಿರಸಿಯ ಅಂಗಡಿಯೊಂದಕ್ಕೆ ಆಗಷ್ಟೇ ಬ್ಯಾಟರಿ ಸೈಕಲ್ ಬಂದಿತ್ತು. ಬೆಳ್ಳಿ ಬಣ್ಣ, ಮುಂದೆ ಬುಟ್ಟಿ, ಬೀಗದಕೈ ತಿರುಗಿಸಿದರೆ ಸದ್ದಿಲ್ಲದೆ ಓಡುತ್ತದೆ. ಅಂಗಡಿಯ ಮುಂದಿನ ಸಪಾಟು ರಸ್ತೆಯಲ್ಲಿ ಎರಡು ಸುತ್ತು ಹೊಡೆದು ಬಂದೆ. ನಮ್ಮ ಮನೆಯವರಿಗೆ ಮಾತು ಬೆಳೆಸುವ ಅಭ್ಯಾಸವಿಲ್ಲ. ಹೊಸದೇ ತಗಳೇ ಮಾರಾಯ್ತಿ, ಹಳೇದಕ್ಕೆ ಎಂತಕ್ಕೆ ತಲೆ ಕೆಡಿಸ್ಕತ್ತೆ ಎಂದರು, ಅಷ್ಟೇ. ನನಗೆ ಮಾತ್ರ ನನ್ನ ಹಳೆಯ ಸೈಕಲ್ಲನ್ನು ಮೂಲೆಗೆ ಒರಗಿಸಲು ಮನಸ್ಸು ಒಪ್ಪುತ್ತಿರಲಿಲ್ಲ.

ಶಾಲೆಯ ದಾರಿಯಲ್ಲಿ ಮೋಟಾರು ರಿಪೇರಿಯವನೊಬ್ಬನ ಅಂಗಡಿ ಇತ್ತು. ಬನವಾಸಿ ಕಡೆಯವನು. ತೋಟದ ಪಂಪುಗಳ ಸುಟ್ಟ ಮೋಟಾರು ಬಿಚ್ಚಿ ತಾಮ್ರದ ತಂತಿಯನ್ನು ಮತ್ತೆ ಸುತ್ತಿಕೊಡುವುದು ಅವನ ಕಸುಬು. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರ ಸಂಸಾರ. ಮಳೆಗಾಲದಲ್ಲಿ ಪಂಪು ಓಡುವುದಿಲ್ಲ, ಅವನಿಗೆ ಕೆಲಸವೂ ಇಲ್ಲ. ಆದ್ದರಿಂದ ಜೂನ್ ಬಂತೆಂದರೆ ಹೆಂಡತಿಯನ್ನು ಇಲ್ಲಿ ಬಿಟ್ಟು ಹುಬ್ಬಳ್ಳಿಯ ಕಾರ್ಖಾನೆಗೆ ದುಡಿಯಲು ಹೋಗುತ್ತಿದ್ದ, ದೀಪಾವಳಿಗೆ ತಿರುಗಿ ಬರುತ್ತಿದ್ದ. ನನ್ನ ವಿಚಾರ ಕೇಳಿ ಅವನು ಕೈಯಲ್ಲಿದ್ದ ತಂತಿ ಕೆಳಗಿಟ್ಟ.

“ಹೊಸಾದು ತಗೋಬ್ಯಾಡ್ರಿ ಅಕ್ಕೋರೆ. ಅದು ಸಪಾಟು ರಸ್ತಾಕ್ಕ ಮಾಡಿದ್ದು, ನಿಮ್ಮ ಏರಿಗಲ್ಲ. ನಿಮ್ಮ ಸೈಕಲ್ಲಿಗೇ ನಾ ಮೋಟಾರ್ ಕೂಡಸ್ತೀನಿ.”

ಹುಬ್ಬಳ್ಳಿಯಲ್ಲಿ ಅಂಥದ್ದನ್ನು ನೋಡಿ ಬಂದಿದ್ದನಂತೆ. ಚಕ್ರದ ನಡುವೆಯೇ ಮೋಟಾರು, ಕ್ಯಾರಿಯರ್ ಮೇಲೆ ಮರದ ಪೆಟ್ಟಿಗೆಯಲ್ಲಿ ಮೂರು ಬ್ಯಾಟರಿ. ನಮ್ಮ ಏರಿಗೆ ತಕ್ಕ ಹಾಗೆ ತಂತಿಯನ್ನು ತಾನೇ ಬೇರೆ ಲೆಕ್ಕದಲ್ಲಿ ಸುತ್ತುತ್ತೇನೆ ಎಂದ. ಇದೊಂದು ಸರಿಯಾಗಿ ಓಡಿದರೆ ಮಳೆಗಾಲದಲ್ಲೂ ಊರಲ್ಲೇ ಕೆಲಸ ಸಿಗುತ್ತದೆ, ಹುಬ್ಬಳ್ಳಿಗೆ ಹೋಗುವುದು ತಪ್ಪುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಹಾಲಿನ ಸೊಸೈಟಿಯ ಸೆಕ್ರೆಟರಿ ಮತ್ತು ಊರೂರು ತಿರುಗುವ ಒಬ್ಬ ಪುರೋಹಿತರು ಆಗಲೇ ಅವನಲ್ಲಿ ವಿಚಾರಿಸಿ ಹೋಗಿದ್ದರು. ಅಕ್ಕೋರ ಸೈಕಲ್ಲು ಮಳೆಗಾಲದವರೆಗೆ ಓಡಲಿ, ಆಮೇಲೆ ನೋಡುವ ಎಂದಿದ್ದರಂತೆ.

ಓಡಿತು. ಏನು ಓಡಿತು ಅಂತೀರಿ! ಆ ಚಳಿಗಾಲವಿಡೀ ನಾನು ಏರಿನಲ್ಲಿ ಪೆಡಲಿನ ಮೇಲೆ ಸುಮ್ಮನೆ ಕಾಲಿಟ್ಟು ಕೂತು, ಇಳಿದು ತಳ್ಳುವ ಗಂಡಸರಿಗೆ ನಮಸ್ಕಾರ ಹೇಳುತ್ತಾ ಹೋದೆ. ಅವನು ಹೇಳಿದ್ದ ಪಥ್ಯ ಒಂದೇ. ಬ್ಯಾಟರಿಯ ನೀರು ಇಳಿದಾಗ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಒಂದು ಬಾಟಲಿ ಅವನೇ ಕೊಟ್ಟಿದ್ದ.

ಶಿವರಾತ್ರಿಯ ಹೊತ್ತಿಗೆ ಬಾಟಲಿ ಖಾಲಿಯಾಯಿತು. ಶಿರಸಿಗೆ ಹೋದಾಗ ತಂದರಾಯಿತು ಎಂದುಕೊಂಡೆ; ಹೋದೆ, ಮರೆತೆ, ಮತ್ತೆ ಹೋದೆ, ಮತ್ತೆ ಮರೆತೆ. ನಮ್ಮ ಮನೆಗೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ಅಬ್ಬಿ ನೀರು. ಅದರ ಬಗ್ಗೆ ನಮ್ಮವರ ಕೊಚ್ಚಿಕೊಳ್ಳುವಿಕೆಯನ್ನು ಕೇಳಬೇಕು. ಪೇಟೆಯಿಂದ ನೆಂಟರು ಬಂದರೆ ಕಾಫಿಗಿಂತ ಮೊದಲು ಒಂದು ಲೋಟ ಆ ನೀರು ಕುಡಿಸಿ, ಹೇಗಿದೆ ಎಂದು ಕೇಳದೆ ಬಿಡುವುದಿಲ್ಲ. ನಾನು ಬ್ಯಾಟರಿಯ ಮುಚ್ಚಳ ತೆಗೆದು ಯೋಚಿಸುತ್ತಾ ಕೂತಿದ್ದನ್ನು ಅತ್ತೆ ನೋಡಿದರು.

“ದೇವರ ಅಭಿಷೇಕಕ್ಕೇ ಆಗ್ತು, ನಿನ್ನ ಬ್ಯಾಟರಿಗೆ ಆಗ್ತಿಲ್ಯನೇ?”

ಅತ್ತೆಯ ತಪ್ಪಲ್ಲ. ಅವರು ಬ್ಯಾಟರಿ ಕಂಡವರಲ್ಲ. ನಾನು ವರ್ಷವರ್ಷವೂ ವಿಜ್ಞಾನದ ಪಾಠದಲ್ಲಿ ಬೋರ್ಡಿನ ಮೇಲೆ ಕೆಟಲ್ ಬರೆದು, ಹಬೆ ತಣ್ಣಗಾಗಿ ನೀರಾಗುವ ಬಾಣದ ಗುರುತು ಹಾಕಿದವಳು. ಒರತೆಯ ನೀರಿನಲ್ಲಿ ಕಬ್ಬಿಣ ಕರಗಿರುತ್ತದೆ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು. ನಮ್ಮ ಬಚ್ಚಲಿನ ಹಂಡೆಯ ತಳದಲ್ಲಿ ಕೆಂಪು ಗಸಿ ಕೂರುವುದನ್ನು ದಿನಾ ಕಂಡವಳು. ಆದರೂ ನಮ್ಮ ಅಬ್ಬಿ ನೀರು ತಾನೇ ಎಂದು ತಂಬಿಗೆಯಿಂದ ಸುರಿದೆ. ಬೇಸಿಗೆ ಮುಗಿಯುವವರೆಗೆ ನಾಲ್ಕೈದು ಸಲ ಸುರಿದಿರಬೇಕು.

ರಜೆ ಮುಗಿದು ಶಾಲೆಯ ಬಾಗಿಲು ತೆರೆದ ವಾರ ಸೈಕಲ್ಲು ಏರಿನ ಬುಡದಲ್ಲೇ ನಿಂತುಬಿಟ್ಟಿತು. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಮೂರೂವರೆ ಕಿಲೋಮೀಟರಿಗೆ ಉಸ್ಸೆನ್ನುತ್ತಿತ್ತು. ಮೂರನೆಯ ದಿನ ಆ ಮಣಭಾರದ ಸೈಕಲ್ಲನ್ನು ಒಂದೂವರೆ ಕಿಲೋಮೀಟರು ತಳ್ಳಿದೆ. ಗಂಡಸರು ಈ ಸಲ ನನಗೆ ನಮಸ್ಕಾರ ಹೇಳಿದರು. ಮೈಯೆಲ್ಲ ಉರಿದುಹೋಯಿತು.

ಸಂಜೆ ಅದೇ ಉರಿಯಲ್ಲಿ ಅವನ ಅಂಗಡಿಗೆ ಹೋದೆ. ಸೆಕ್ರೆಟರಿಯೂ ಪುರೋಹಿತರೂ ಅಲ್ಲೇ ಕೂತಿದ್ದರು. ಮಾತು ಮುಗಿಸಿ ಮುಂಗಡ ಕೊಡಲು ಬಂದವರು. ಅವರ ಎದುರಿಗೇ ಬಾಯಿಗೆ ಬಂದಂತೆ ಬೈದೆ. ನೀನು ಪಂಪು ಮಾಡಿಕೊಂಡಿರು ಮಾರಾಯ, ಜನರ ಮೊಣಕಾಲಿನ ಮೇಲೆ ಪ್ರಯೋಗ ಮಾಡಬೇಡ ಎಂದೆ. ಅವನು ಸೈಕಲ್ಲಿನ ಸುತ್ತ ಒಮ್ಮೆ ಬಂದು, ಮೆತ್ತಗೆ ಒಂದೇ ಪ್ರಶ್ನೆ ಕೇಳಿದ.

“ನೀರು ಯಾವ್ದು ಹಾಕೀರಿ ಅಕ್ಕೋರೆ?”

ಹಂಡೆಯ ಕೆಂಪು ಗಸಿ ಆಗ ಕಣ್ಣ ಮುಂದೆ ಬಂತು. ಬ್ಯಾಟರಿ ಕೆಡಿಸಿದ್ದು ಆ ನೀರೇ ಎಂದು ಆ ಕ್ಷಣದಲ್ಲಿ ಗೊತ್ತಾಗಿಹೋಯಿತು. ಇಬ್ಬರು ಗಂಡಸರು ನನ್ನ ಮುಖವನ್ನೇ ನೋಡುತ್ತಿದ್ದರು.

“ನೀ ಕೊಟ್ಟದ್ದೇ” ಎಂದೆ.

ಅಕ್ಕೋರು ಹೇಳಿದ ಮೇಲೆ ಅವನು ಬ್ಯಾಟರಿಯ ಮುಚ್ಚಳವನ್ನೂ ತೆಗೆದು ನೋಡಲಿಲ್ಲ. ಹಾಗಾದರೆ ತಾನು ಸುತ್ತಿದ್ದರಲ್ಲೇ ಎಲ್ಲೋ ತಪ್ಪಿದೆ ಎಂದು ಚಕ್ರ ಬಿಚ್ಚಿಕೊಂಡ. ಪುರೋಹಿತರು ಛತ್ರಿ ಹಿಡಿದು ಎದ್ದರು. ಸೆಕ್ರೆಟರಿ ಇನ್ನೊಮ್ಮೆ ನೋಡುವ ಎಂದು ಹಿಂದೆಯೇ ಹೊರಟ.

ಅದೇ ಭಾನುವಾರ ಶಿರಸಿಗೆ ಹೋಗಿ ಬೆಳ್ಳಿ ಬಣ್ಣದ್ದನ್ನು ಕೊಂಡು ತಂದೆ. ಹದಿನೈದು ದಿನದ ಮೇಲೆ ಅವನು ಮನೆಗೇ ಬಂದ. ಚಕ್ರವನ್ನು ಗೋಣಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ತಂದಿದ್ದ. ತಂತಿಯನ್ನು ಮೂರು ಸಲ ಬಿಚ್ಚಿ ಮೂರು ಸಲ ಸುತ್ತಿದ್ದನಂತೆ. ಈಗ ಸರಿಯಾಗಿರಬೇಕು, ಒಮ್ಮೆ ಹಾಕಿ ನೋಡೋಣ ಎಂದ. ಆಗ ಜಗಲಿಯ ಮೇಲಿದ್ದ ಹೊಸ ಸೈಕಲ್ಲು ಅವನ ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ಅದರ ಬ್ರೇಕು ಸಡಿಲವಾಗಿದ್ದುದನ್ನು ಬಿಗಿ ಮಾಡಿಕೊಟ್ಟ. ಕಂಪನಿದು ಚಲೋ ಇರ್ತೈತ್ರಿ ಎಂದು ಚಕ್ರ ಹೊತ್ತು ಹೊರಟ. ಮರುವಾರ ಹುಬ್ಬಳ್ಳಿ ಬಸ್ಸು ಹತ್ತಿದ. ಮನೆಗೆ ಬಂದ ದಿನ ನಾನು ಚಾ ಮಾಡಲೇ ಎಂದು ಕೇಳಿದ್ದೆ, ಅಷ್ಟೇ. ಥೂ ನನ್ನ ಬಾಳೇ ಎಂದು ಈಗ ಅನ್ನಿಸುತ್ತದೆ.

ಹೊಸದು ಏರು ಹತ್ತಲಿಲ್ಲ. ಅವನು ಹೇಳಿದಂತೆಯೇ ಆಯಿತು. ದಿನಾ ಇಳಿದು ತಳ್ಳಿದೆ. ಎರಡು ಮಳೆಗಾಲ ಅವನ ಅಂಗಡಿಯ ಮುಚ್ಚಿದ ಬಾಗಿಲಿನ ಮುಂದೆ, ಒಬ್ಬಳೇ ಕೂತು ಅಕ್ಕಿ ಆರಿಸುವ ಅವನ ಹೆಂಡತಿಯ ಮುಂದೆ, ತಲೆ ತಗ್ಗಿಸಿ ಹೋದೆ. ಕೆಟಲಿನ ಪಾಠ ಬಂದರೆ ನೀವೇ ಓದಿಕೊಳ್ಳಿ ಎಂದು ಪುಟ ಮಗುಚಿಸುತ್ತಿದ್ದೆ.

ಮೂರನೆಯ ಬೇಸಿಗೆಯಲ್ಲಿ ನಮ್ಮ ಹೊಸ ಹೆಡ್‌ಮಾಸ್ತರರು ತಮ್ಮ ಸೈಕಲ್ಲಿಗೆ ಮೋಟಾರು ಹಾಕಿಸಲು ಅವನಲ್ಲಿಗೆ ಹೋಗಿ ವಾಪಸು ಬಂದರು. ಆ ವಿದ್ಯೆ ನನ್ನ ಕೈಗೆ ಹತ್ತಲಿಲ್ಲ, ಅಕ್ಕೋರ ಸೈಕಲ್ಲು ನನ್ನಿಂದಲೇ ಕೆಟ್ಟಿತು ಎಂದು ಕಳಿಸಿಬಿಟ್ಟನಂತೆ. ಮರುದಿನ ಬೆಳಿಗ್ಗೆಯೇ ಅವನ ಅಂಗಡಿಗೆ ಹೋಗಿ, ನಿಂತಲ್ಲೇ ಹೇಳಿದೆ. ಅಬ್ಬಿ ನೀರು ಹಾಕಿದ್ದೆ, ಮೋಟಾರು ಸರಿಯೇ ಇತ್ತು ಎಂದೆ.

ಬೈಯುತ್ತಾನೆ ಎಂದುಕೊಂಡಿದ್ದೆ, ಬೈಸಿಕೊಳ್ಳಲಿಕ್ಕೆಂದೇ ಹೋಗಿದ್ದೆ. ಅವನ ಮುಖ ಅರಳಿತು. ಹಂಗಾರ ನನ್ನ ಕೈ ತಪ್ಪಿರಲಿಲ್ಲ ಎಂದು ಎರಡು ಸಲ ತನಗೇ ಹೇಳಿಕೊಂಡ. ಇಲ್ಲಿ ಬಾ, ಅಕ್ಕೋರು ಏನಂತಾರ ಕೇಳು ಎಂದು ಹೆಂಡತಿಯನ್ನು ಕೂಗಿದ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವನು ಗಡಿಬಿಡಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಇದು ನಿಮ್ಗ ಯಾವಾಗ ಗೊತ್ತಾತ್ರಿ?”

“ಅವತ್ತೇ” ಎಂದೆ.

ಅವನು ಇನ್ನೂ ನಗುತ್ತಲೇ ಇದ್ದ. ಅವಳು ನಗಲಿಲ್ಲ.