ನೀರು ಕಾಯುವವಳನ್ನು ಮತ್ತೆ ನೋಡಿದವರು

ಬೈಲಹೊಂಗಲದ ಬಜಾರಿನಲ್ಲಿ ಮಹಾದೇವನದೊಂದು ಕ್ಯಾಸೆಟ್ ಅಂಗಡಿ ಇತ್ತು. ಸಿನಿಮಾ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವುದು, ಜನರ ಹಳೆಯ ಮದುವೆ ವಿಡಿಯೋಗಳನ್ನು ಸಿ.ಡಿ.ಗೆ ಇಳಿಸಿಕೊಡುವುದು ಅವನ ಕಸುಬು. ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಒಂದು ಸಾಲು ಕ್ಯಾಸೆಟ್ಟುಗಳನ್ನು ಮಾತ್ರ ಅವನು ಯಾರು ಕೇಳಿದರೂ ಕೊಡುತ್ತಿರಲಿಲ್ಲ. ತೊಂಬತ್ಮೂರರಲ್ಲಿ ದೂರದರ್ಶನದಲ್ಲಿ ಬಂದ ‘ಗಗನಠಾಣೆ’ ಎಂಬ ಧಾರಾವಾಹಿಯ ಕಂತುಗಳು ಅವು. ಭೂಮಿ ಬಿಟ್ಟು ಹೊರಟ ಒಂದು ನೌಕೆ, ಮನುಷ್ಯರು ಬದುಕಬಹುದಾದ ಜಾಗ ಹುಡುಕುತ್ತ ಗ್ರಹದಿಂದ ಗ್ರಹಕ್ಕೆ ಅಲೆಯುವ ಕಥೆ. ನೌಕೆಯ ಗೋಡೆ ರಟ್ಟಿನದು, ನಕ್ಷತ್ರಗಳು ಕರಿ ಪರದೆಗೆ ಚುಚ್ಚಿದ ತೂತುಗಳು. ಆದರೂ ಆ ಕಾಲದ ಹುಡುಗರಿಗೆ ಅದು ನಿಜವಾದ ಆಕಾಶವೇ ಆಗಿತ್ತು.

ಆಗ ಮಹಾದೇವನಿಗೆ ಹತ್ತೊಂಬತ್ತು ವರ್ಷ. ಗುರುವಾರ ಸಂಜೆಯಾದರೆ ಸಾಕು, ಗೆಳೆಯರಾದ ನಿಜಗುಣಪ್ಪ ಮತ್ತು ಲಕ್ಕಪ್ಪ ಅವನ ಮನೆಗೆ ಓಡಿ ಬರುತ್ತಿದ್ದರು. ಟಿ.ವಿ. ಮುಂದೆ ಮೂವರೂ ಉಸಿರು ಬಿಗಿಹಿಡಿದು ಕೂರುವರು. ಮರುದಿನ ಕಾಲೇಜಿನಲ್ಲಿ ಕಪ್ತಾನನ ಹಾಗೆ ಆಜ್ಞೆ ಕೊಡುತ್ತ ತಿರುಗುವರು. ಧಾರಾವಾಹಿ ನೋಡುವವರ ಗುಂಪು ಬೆಳೆಯುತ್ತ ಬೆಳೆಯುತ್ತ ಅದಕ್ಕೆ ‘ಗಗನಠಾಣೆ ಬಳಗ’ ಎಂಬ ಹೆಸರೂ ಬಿತ್ತು. ಮಹಾದೇವ ಅದರ ಮುಂದಾಳು. ಅವನು ಚಲೋ ಅಂದ ಕಂತು ಚಲೋ, ಕೆಟ್ಟದ್ದು ಅಂದದ್ದು ಕೆಟ್ಟದ್ದು.

ಅವನು ಕೆಟ್ಟದ್ದು ಅಂದ ಕಂತಿನ ಹೆಸರು ‘ನೀರು ಕಾಯುವವಳು’.

ನೀರು ತೀರಿದ ನೌಕೆ ಒಂದು ಒಣಗಿದ ಗ್ರಹದಲ್ಲಿ ಇಳಿಯುತ್ತದೆ. ಅಲ್ಲಿ ಇರುವವಳು ಒಬ್ಬ ಮುದುಕಿ ಮಾತ್ರ. ಅವಳ ಜನರೆಲ್ಲ ಬೇರೆಲ್ಲಿಗೋ ವಲಸೆ ಹೋಗಿದ್ದಾರೆ. ಮರಳಿ ಬಂದಾಗ ಬೇಕಾಗುತ್ತದೆ ಎಂದು ಉಳಿದ ನೀರನ್ನು ಅವಳಿಗೆ ಒಪ್ಪಿಸಿ ಹೋಗಿದ್ದಾರೆ. ಕೈಯಲ್ಲಿ ಬೆಳಕಿನ ಬಂದೂಕು ಹಿಡಿದು ಇಳಿದವರನ್ನು ನೋಡಿ ಅವಳು ಆಡುವ ಮೊದಲ ಮಾತು, “ಉಂಡೀರೇನು?”

ಧಾರಾವಾಹಿಯಲ್ಲಿ ಎಲ್ಲರೂ ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಆ ಮುದುಕಿ ಒಬ್ಬಳೇ ಇವರ ಓಣಿಯ ಮಾತು ಆಡಿದಳು. ಮಹಾದೇವ ಹೊಟ್ಟೆ ಹಿಡಿದುಕೊಂಡು ನಕ್ಕ.

“ಏ, ನಮ್ಮ ಓಣಿ ಮುದುಕಿ ಆಕಾಶಕ್ಕ ಹೋಗ್ಯಾಳ ನೋಡ್ರೋ!”

ಯುದ್ಧವಿಲ್ಲ, ರಾಕ್ಷಸನಿಲ್ಲ, ಸ್ಫೋಟವಿಲ್ಲ. ಮುದುಕಿ ಬಂದವರ ಜೊತೆ ಮಾತಾಡುತ್ತಾಳೆ, ಕೊನೆಗೆ ನೀರು ಕೊಟ್ಟು ಕಳಿಸುತ್ತಾಳೆ. “ನಿಮ್ಮನ್ನು ಕರೆದೊಯ್ಯಲು ಮತ್ತೆ ಬರುತ್ತೇವೆ” ಎಂದು ಹೇಳಿ ಕಪ್ತಾನ ನೌಕೆ ಹತ್ತುತ್ತಾನೆ. ಅಷ್ಟೇ ಕಥೆ. ಬಳಗದವರೆಲ್ಲ ಬೇಸರಪಟ್ಟುಕೊಂಡರು. ಅಂದಿನಿಂದ ಊರ ಹುಡುಗರು ಎದುರಾದಾಗಲೆಲ್ಲ “ಉಂಡೀರೇನು?” ಎಂದು ಮುದುಕಿಯ ದನಿಯಲ್ಲಿ ಕೇಳಿ ನಗುವುದು ರೂಢಿಯಾಯಿತು.

ಅದಾದ ಸ್ವಲ್ಪ ದಿನಕ್ಕೆ ಬೈಲಹೊಂಗಲಕ್ಕೆ ಒಂದು ನಾಟಕ ಕಂಪನಿ ಬಂದು ಡೇರೆ ಹಾಕಿತು. ಭಾನುವಾರ ಮಧ್ಯಾಹ್ನದ ಆಟಕ್ಕೆ ಬಳಗದ ಹುಡುಗರೆಲ್ಲ ಹೋದರು. ಮಗನನ್ನು ಕಳೆದುಕೊಂಡ ತಾಯಿಯ ಪಾತ್ರದಲ್ಲಿ ಒಬ್ಬ ನಟಿ ರಂಗಕ್ಕೆ ಬಂದಾಗ ಮಹಾದೇವ ಥಟ್ಟನೆ ಗುರುತು ಹಿಡಿದ. ಅದೇ ಮುಖ, ಅದೇ ದನಿ. ಅವಳು ಕೃಷ್ಣವ್ವ. ರಾಮದುರ್ಗ ಸೀಮೆಯವಳು, ಹದಿನಾರರ ವಯಸ್ಸಿನಿಂದ ಕಂಪನಿ ನಾಟಕದಲ್ಲಿ ಪಾತ್ರ ಮಾಡಿಕೊಂಡು ಬಂದವಳು. ಸತ್ತ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಒಂದು ಗಳಿಗೆ ಸುಮ್ಮನಾದಳು. ಇಡೀ ಡೇರೆಯೂ ಸುಮ್ಮನಾಯಿತು.

ಆ ಮೌನದಲ್ಲಿ ಮಹಾದೇವ ಕೂಗಿದ: “ಉಂಡೀರೇನು?”

ಮೊದಲು ಅವನ ಬೆಂಚು ನಕ್ಕಿತು. ಆಮೇಲೆ ಹಿಂದಿನ ಸಾಲು, ಆಮೇಲೆ ಇಡೀ ಡೇರೆ. ನಾಲ್ಕೂ ಕಡೆಯಿಂದ ಅದೇ ಕೂಗು. ಕೃಷ್ಣವ್ವ ಮಾತು ಮುಂದುವರಿಸಲು ಬಾಯಿ ತೆರೆದಳು, ಆಗಲಿಲ್ಲ. ಸತ್ತ ಮಗನ ಪಾತ್ರದಲ್ಲಿದ್ದವನೂ ನಗು ತಡೆಯಲಾರದೆ ಅಲುಗಾಡಿದ. ಅವಳು ಅವನ ತಲೆಯನ್ನು ಮೆಲ್ಲಗೆ ಹಲಗೆಯ ಮೇಲೆ ಇಳಿಸಿ, ಎದ್ದು, ಪರದೆಯ ಹಿಂದೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಮರುದಿನದಿಂದ ಆ ಪಾತ್ರಕ್ಕೆ ಬೇರೆಯವಳು ಬಂದಳು. ಕೃಷ್ಣವ್ವ ಕಂಪನಿ ಬಿಟ್ಟು ಹೋದಳಂತೆ ಎಂಬ ಸುದ್ದಿ ಚಹಾದಂಗಡಿಯಲ್ಲಿ ಕೇಳಿಬಂತು. ಮೊದಲು ಕೂಗಿದವರು ಯಾರು ಎಂದು ಯಾರೂ ಕೇಳಲಿಲ್ಲ, ಬಳಗದವರು ಅದನ್ನು ಒಂದು ತಮಾಷೆಯೆಂದು ಮರೆತೂಬಿಟ್ಟರು. ಮಹಾದೇವನೂ ಹೇಳಲಿಲ್ಲ. ಆದರೆ ಅವಳು ಆ ತಲೆಯನ್ನು ಅಷ್ಟು ಜತನದಿಂದ ಇಳಿಸಿದ್ದು ಅವನ ಕಣ್ಣಿನಲ್ಲಿ ಉಳಿಯಿತು. ಅಷ್ಟು ಅವಮಾನದಲ್ಲೂ ಆ ಹುಡುಗನ ತಲೆಗೆ ಪೆಟ್ಟಾಗದಿರಲಿ ಎಂದು ನೋಡಿಕೊಂಡಿದ್ದಳು.

ವರ್ಷಗಳು ಹೋದವು. ನಿಜಗುಣಪ್ಪ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಲಕ್ಕಪ್ಪ ಕಿತ್ತೂರಿನ ಕಡೆ ಬಸ್ ಕಂಡಕ್ಟರ್ ಆದ. ಬಿಡುವು ಸಿಕ್ಕ ಭಾನುವಾರ ಮೂವರೂ ಮಹಾದೇವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿ ಹಳೆಯ ಕಂತುಗಳನ್ನು ನೋಡುತ್ತಿದ್ದರು. ‘ನೀರು ಕಾಯುವವಳು’ ಬಂದ ಕೂಡಲೇ ಮಹಾದೇವ ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸಿಬಿಡುತ್ತಿದ್ದ. ಬೇಸರದ ಕಂತು ಎಂದು ಉಳಿದಿಬ್ಬರು ತಿಳಿದಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಒಂದು ಭಾನುವಾರ ನಿಜಗುಣಪ್ಪನ ಹೆಂಡತಿ ಶೀತಲ ಕೂಡ ಬಂದಿದ್ದಳು. ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಗಂಡನಿಗೆ ಹುಚ್ಚು ಹಿಡಿಸಿದ ಧಾರಾವಾಹಿ ಯಾವುದು ಎಂದು ನೋಡುವ ಕುತೂಹಲ ಅವಳಿಗೆ. ಮಹಾದೇವ ಎಂದಿನಂತೆ ಕ್ಯಾಸೆಟ್ ಓಡಿಸಲು ಗುಂಡಿ ಒತ್ತಿದಾಗ ಪರದೆಯ ಮೇಲೆ ಮುದುಕಿಯ ಮುಖ ಸರ್ರನೆ ಹಾದುಹೋಯಿತು.

“ತಡೀರಿ ಅಣ್ಣಾರ, ಅದನ್ಯಾಕ ಓಡಸ್ತೀರಿ? ಆಕಿ ನಮ್ಮ ಕಡಿ ಕೃಷ್ಣವ್ವ ಅಲ್ಲೇನು?” ಅಂದಳು ಶೀತಲ. ಅವಳ ತವರು ರಾಮದುರ್ಗ.

“ಅದರಾಗ ಏನೂ ಇಲ್ಲ ಬಿಡು ತಂಗಿ,” ಅಂದ ಮಹಾದೇವ.

“ಇರಲಿಲ್ಲಂದ್ರೂ ನೋಡೂಣು. ಹಾಕ್ರಿ.”

ಹಾಕಲೇಬೇಕಾಯಿತು.

ಯಾರೂ ನಗಲಿಲ್ಲ. ಹುಡುಗರಾಗಿದ್ದಾಗ ಕಾಣದ್ದು ಮೂವತ್ತರ ಕಣ್ಣಿಗೆ ಕಂಡಿತು. ಮುದುಕಿ ಬಂದವರಿಗೆಲ್ಲ ನೀರು ಕೊಡುತ್ತಾಳೆ, ತಾನು ಮಾತ್ರ ಒಂದು ಗುಟುಕೂ ಕುಡಿಯುವುದಿಲ್ಲ. ಮಾತಾಡುವಾಗ ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಳ್ಳುತ್ತಾಳೆ. ತನ್ನ ಜನ ಬಂದು ಕೇಳಿದರೆ ಏನು ಹೇಳಲಿ ಎಂಬ ಭಯ ಅವಳ ಕೈಯಲ್ಲಿದೆ, ಬಾಯಾರಿ ಬಂದವರನ್ನು ಕಳಿಸುವುದು ಹೇಗೆ ಎಂಬ ಸಂಕಟ ಮುಖದಲ್ಲಿದೆ. 

“ಉಳಿದ ಕಂತಿನಾಗ ಎಲ್ಲಾರೂ ನಾಟಕ ಮಾಡ್ಯಾರಲೇ. ಆಕಿ ಒಬ್ಬಾಕಿ ಖರೇನ ಆ ಗ್ರಹದಾಗ ಇದ್ದಾಳ,” ಅಂದ ಲಕ್ಕಪ್ಪ ಕಂತು ಮುಗಿದಾಗ.

“ನಮ್ಮ ಮಾತು ಟಿ.ವಿ.ಯೊಳಗ ಕೇಳಿ ನಮಗ ನಾಚಿಕಿ ಆಗಿತ್ತೋ. ಅದಕ್ಕ ನಕ್ಕಿವಿ,” ಅಂದ ನಿಜಗುಣಪ್ಪ.

ಶೀತಲ ಕೇಳಿದಳು, “ಮತ್ತ ಬರತೇವಿ ಅಂತ ಹೇಳಿ ಹೋದ್ರಲ್ಲ, ಮುಂದ ಯಾವ ಕಂತಿನಾಗ ಬರತಾರ?”

ಮುಂದಿನ ಒಂದೊಂದು ಕಂತೂ ಮೂವರಿಗೂ ಬಾಯಿಪಾಠ. ನೌಕೆ ಅಲ್ಲಿಗೆ ಮರಳುವುದೇ ಇಲ್ಲ. ಆ ಮುದುಕಿಯ ಹೆಸರನ್ನು ಯಾರೂ ಎತ್ತುವುದೂ ಇಲ್ಲ. ಬರೆದವರು ಮರೆತರೋ, ಬೇಕೆಂದೇ ಬಿಟ್ಟರೋ ಎಂದು ಲಕ್ಕಪ್ಪ ಮತ್ತು ನಿಜಗುಣಪ್ಪ ವಾದಕ್ಕೆ ಬಿದ್ದರು. ಮಹಾದೇವ ಎದ್ದು ಕ್ಯಾಸೆಟ್ಟನ್ನು ಹೊರತೆಗೆದು ಡಬ್ಬಿಗೆ ಹಾಕಿದ.

“ಎಲ್ಲಾಕ್ಕಿಂತ ದೊಡ್ಡ ಕಂತು ಇದ. ಕೃಷ್ಣವ್ವ ಈಗ ಸಾಲಹಳ್ಳಿಯೊಳಗ ಅದಾಳಂತ ಶೀತಲ ಹೇಳತಾಳ, ಕರಸೂಣು. ಶಾಲು ಹೊದಿಸಿ ಸತ್ಕಾರ ಮಾಡೂಣು. ಮಾದ್ಯಾ, ಶಾಲು ನೀನ ಹೊದಸಬೇಕಪಾ,” ಎಂದು ಲಕ್ಕಪ್ಪ ಉಮೇದಿನಿಂದ ಹೇಳಿದ.

ಮಹಾದೇವ ಹೂಂ ಅಂದ. ಯಾರ ಬಾಯಿಂದ ಅವಳ ಬದುಕು ಕೆಟ್ಟಿತೋ ಅವನದೇ ಕೈಯಿಂದ ಶಾಲು.

ಗೆಳೆಯರಿಗೆ ಹೇಳದೆ, ಎರಡು ದಿನ ಬಿಟ್ಟು ಸಾಲಹಳ್ಳಿಗೆಂದು ಬಸ್ ಹತ್ತಿದ. ಸವದತ್ತಿಯಲ್ಲಿ ಇಳಿದು ರಾಮದುರ್ಗದ ಬಸ್ಸಿಗೆ ಕಾಯಬೇಕಿತ್ತು. ಬಸ್ ಬಂತು, ಹತ್ತಲಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಬಂದ ಜನರ ಗದ್ದಲದಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತ. ಎದುರಿಗೆ ಬೈಲಹೊಂಗಲದ ಬಸ್ಸು ನಿಂತಿತ್ತು. ಅದನ್ನು ಹತ್ತಿ ಸೀಟೂ ಹಿಡಿದ. ಅದು ಹೊರಡುವ ಹೊತ್ತಿಗೆ ಧಡಕ್ಕನೆ ಎದ್ದು, ಬೈಯುತ್ತಿದ್ದ ಕಂಡಕ್ಟರನನ್ನು ದಾಟಿ ಕೆಳಗಿಳಿದ. ಮುಂದಿನ ರಾಮದುರ್ಗದ ಬಸ್ಸು ಬರುವತನಕ ಆಚೀಚೆ ನೋಡದೆ ನಿಂತೇ ಇದ್ದ.

ಸಾಲಹಳ್ಳಿಯಲ್ಲಿ ಕೃಷ್ಣವ್ವ ತಂಗಿಯ ಮನೆಯಲ್ಲಿದ್ದಳು. ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹರಡಿಕೊಂಡು ಕೌದಿ ಹೊಲಿಯುತ್ತಿದ್ದಳು. ಧಾರಾವಾಹಿಯಲ್ಲಿ ಬಣ್ಣ ಹಚ್ಚಿ ಮಾಡಿದ್ದ ಮುಪ್ಪು ಈಗ ನಿಜವಾಗಿಯೇ ಬಂದಿತ್ತು. ತಂಗಿ ಮಾಯವ್ವ ನೀರು ತಂದುಕೊಟ್ಟಳು. ಮಹಾದೇವ ತಂಬಿಗೆ ಕೈಯಲ್ಲಿ ಹಿಡಿದೇ ಕುಳಿತ.

“ಬೈಲಹೊಂಗಲದಿಂದ ಬಂದೇನ್ರಿ. ಅಲ್ಲಿ ನಿಮ್ಮ ನಾಟಕದಾಗ ಒಬ್ಬಾಂವ ಕೂಗಿದ್ನಲ್ರಿ… ಆಂವ ನಾನ್ರಿ ಅವ್ವಾರ.”

ಸೂಜಿ ನಿಂತಿತು. ಕೃಷ್ಣವ್ವ ಅವನನ್ನು ಅಡಿಯಿಂದ ಮುಡಿತನಕ ನೋಡಿದಳು.

“ಇಷ್ಟ ವರ್ಷ ಇಡೀ ಊರ ಕೂಗಿತ್ತು ಅಂತ ತಿಳದಿದ್ದೆ. ಇವತ್ತ ಆ ಕೂಗಿಗೊಂದು ಮುಖ ಬಂತು,” ಅಂದಳು.

“ತಪ್ಪಾತ್ರಿ.”

“ಆತು. ತಪ್ಪ ಆತು. ಅವತ್ತಿನಿಂದ ನಾ ಬಣ್ಣ ಹಚ್ಚಿಲ್ಲ. ಮಾತು ಹೇಳಾಕ ನಿಂತ್ರ ಅದ ನಗು ಕಿವಿಯಾಗ ಬರತಿತ್ತು. ಟಿ.ವಿ.ಯವರು ಆ ಪಾತ್ರ ಮಂದಿಗೆ ಸೇರಿದ್ರ ಮತ್ತ ಕರಿತೇವಿ ಅಂದಿದ್ರು. ಕರೀಲಿಲ್ಲ.”

ಮಹಾದೇವ ತಲೆ ತಗ್ಗಿಸಿ, ಆ ಕಂತನ್ನು ಗೆಳೆಯರೆಲ್ಲ ಮತ್ತೆ ನೋಡಿದ್ದು, ಅವರಿಗೆ ಏನೇನು ಕಂಡಿತು, ಸತ್ಕಾರಕ್ಕೆ ಕರೆಯಬೇಕೆಂದಿದ್ದು ಎಲ್ಲ ಹೇಳಿದ. ನೀರು ಕುಡಿಯದೆ ತುಟಿ ಒದ್ದೆ ಮಾಡಿಕೊಂಡಿದ್ದನ್ನು ಹೇಳಿದಾಗ ಅವಳ ಮುಖ ಒಮ್ಮೆ ಅರಳಿತು.

“ಅದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ನಾನ ಮಾಡಿದ್ದೆ. ಕಂಡತೇನು?”

“ಕಂಡತ್ರಿ. ತಡಾ ಆತು.”

“ನಾ ಅದನ್ನ ನೋಡೇ ಇಲ್ಲ. ಅವತ್ತ ಡೇರೆದಾಗ ಟಿ.ವಿ. ಎಲ್ಲಿತ್ತು?” ಎಂದಳು. ಸೂಜಿಗೆ ದಾರ ಪೋಣಿಸಿ ಮತ್ತೆ ಹೇಳಿದಳು, “ಬರತೇನಿ. ಆದ್ರ ಶಾಲು ಬ್ಯಾಡ. ಕೂಗೂ ಮುಂದ ನಿನ್ನ ಸುತ್ತ ಅಷ್ಟ ಮಂದಿ ಇದ್ರು. ತಪ್ಪಾತು ಅನ್ನೂ ಮುಂದ ನಾ ಒಬ್ಬಾಕಿ ಸಾಕೇನು?”

ಸಾಕಾಗದು ಎಂದು ಮಹಾದೇವನಿಗೇ ಗೊತ್ತಿತ್ತು.

ಬಳಗದವರು ಬೈಲಹೊಂಗಲದಲ್ಲಿ ಒಂದು ಮಂಗಲ ಕಾರ್ಯಾಲಯ ಹಿಡಿದು, ದೊಡ್ಡ ಪರದೆ ಕಟ್ಟಿದರು. ಧಾರವಾಡದಿಂದ ಕೂಡ ಹಳೆಯ ಧಾರಾವಾಹಿಯ ಅಭಿಮಾನಿಗಳು ಬಂದರು. ಕೃಷ್ಣವ್ವ ಮುಂದಿನ ಸಾಲಿನಲ್ಲಿ ಕುಳಿತು ತನ್ನನ್ನು ತಾನು ಮೊದಲ ಸಲ ನೋಡಿದಳು. ನಡುವೆ ಒಮ್ಮೆ, “ಕೈ ಅಷ್ಟು ಎತ್ತಬಾರದಿತ್ತು,” ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಕಂತು ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಲಕ್ಕಪ್ಪ ಮೈಕಿನಲ್ಲಿ ಹೇಳಿದ, “ಈ ಕಂತನ್ನ ಇಷ್ಟ ವರ್ಷ ಜ್ವಾಪಾನ ಮಾಡಿ ಇಟ್ಟಾಂವ ನಮ್ಮ ಮಹಾದೇವ. ಅವಗ ಎಲ್ಲಾರೂ ಜೋರ ಚಪ್ಪಾಳಿ ಹೊಡೀರಿ!”

ಆ ಚಪ್ಪಾಳೆ ಮಹಾದೇವನ ಕಿವಿಯಲ್ಲಿ ಕಾದ ಎಣ್ಣೆಯಂತೆ ಇಳಿಯಿತು. ಮೈಕಿನ ಹತ್ತಿರ ಹೋದ. ಬರೆದು ಉರು ಹೊಡೆದುಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

“ನಾ ಇದನ್ನ ಜ್ವಾಪಾನ ಮಾಡಿಲ್ರಿ. ಮುಚ್ಚಿಟ್ಟಿದ್ದೆ. ಇದ ಊರಾಗ, ಇವರು ನಾಟಕ ಮಾಡೂ ಮುಂದ, ಮೊದಲ ಕೂಗಿ ನಗಸಿದಾಂವ ನಾನು. ನಾ ಕೂಗದಿದ್ರ ಇವರು ಇವತ್ತಿಗೂ ರಂಗದ ಮ್ಯಾಲೆ ಇರತಿದ್ರು.”

ಯಾರೋ ಒಬ್ಬರು “ಹುಡುಗಬುದ್ಧಿ, ಹೋಗ್ಲಿ ಬಿಡ್ರಿ” ಅಂದರು. ಲಕ್ಕಪ್ಪ ಅವನ ಮಗ್ಗುಲಲ್ಲೇ ನಿಂತಿದ್ದ, ಮುಖ ಕಪ್ಪಿಟ್ಟಿತ್ತು. ಮೆಲ್ಲಗೆ ಮೈಕು ತೆಗೆದುಕೊಂಡು, “ಎರಡನೇ ಸಲ ಕೂಗಿದಾಂವ ನಾನು,” ಅಂದ. ಸಭೆಯಲ್ಲಿ ಇನ್ನೂ ಕೆಲವರ ತಲೆಗಳು ಬಾಗಿದವು. ನಿಜಗುಣಪ್ಪ ಕೃಷ್ಣವ್ವನ ಹತ್ತಿರ ಹೋಗಿ, ನೀವು ಎರಡು ಮಾತಾಡ್ರಿ ಎಂದು ಬೇಡಿಕೊಂಡ. ಅವಳು ಕುಳಿತಲ್ಲಿಂದಲೇ ಹೇಳಿದಳು:

“ನನಗ ಹೇಳೂದು ಇದ್ದದ್ದೆಲ್ಲಾ ಆ ಪರದೆ ಮ್ಯಾಲೆ ಹೇಳೇನಿ. ಇವತ್ತಿನ ಪಾಳಿ ಇವರದು.”

ಆಮೇಲೆ ಬಜಾರಿನಲ್ಲಿ ಮಹಾದೇವನನ್ನು ಕೆಲವರು ಹೊಗಳಿದರು, ಕೆಲವರು ಬೆನ್ನ ಹಿಂದೆ ಆಡಿಕೊಂಡರು. ಹೊಗಳಿಕೆ ಕೇಳಿದಾಗಲೇ ಅವನಿಗೆ ಹೆಚ್ಚು ಸಂಕಟ. ಒಪ್ಪಿಕೊಂಡದ್ದಕ್ಕೂ ಹೆಸರು ಬರುವುದಾದರೆ ತಾನು ಮತ್ತೆ ಕೃಷ್ಣವ್ವನಿಂದಲೇ ಏನನ್ನೋ ಕಿತ್ತುಕೊಂಡ ಹಾಗಲ್ಲವೇ ಎಂದು ಹೆಂಡತಿ ರಂಜನಾಳ ಹತ್ತಿರ ಒಂದು ಸಲ ಹೇಳಿದ.

ಕೃಷ್ಣವ್ವ ಮತ್ತೆ ಬಣ್ಣ ಹಚ್ಚಲಿಲ್ಲ. ಉಸಿರು ನಿಲ್ಲುವುದಿಲ್ಲ, ವಯಸ್ಸಾಯಿತು ಎಂದಳು. ಆದರೆ ಶೀತಲ ಮಾತಾಡಿದ್ದರಿಂದ, ರಾಮದುರ್ಗದ ಕೆಲವು ಹೆಣ್ಣುಮಕ್ಕಳು ನಾಟಕ ಆಡಲು ಹೊರಟಾಗ ಕಲಿಸಿಕೊಡಲು ಹೋದಳು. ಎರಡು ವರ್ಷ ಹೋಗಿ ಬಂದಳು. ಅವರ ಆಟವಿದ್ದ ದಿನ ಮಹಾದೇವ ಕುರ್ಚಿ ಹಾಕಿದ, ಪರದೆ ಕಟ್ಟಿದ, ಆಟ ಶುರುವಾದಾಗ ಬಾಗಿಲ ಹೊರಗೆ ನಿಂತು ಕೇಳಿದ.

ಮುಗಿದ ಮೇಲೆ ಅವಳನ್ನು ಸಾಲಹಳ್ಳಿಗೆ ಬಿಡಲು ಹೋದ. ಮಾಯವ್ವ ಚಹಾ ಮಾಡಿ ತಂದಳು. ಅವನು ಬಸಿ ಹಿಡಿದು ಕುಳಿತು, ಎಷ್ಟೋ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟ.

“ಅವ್ವಾರ, ನನ್ನ ಮ್ಯಾಲಿನ ಸಿಟ್ಟು ಈಗರೆ ಹೋಗೇತೇನ್ರಿ?”

ಕೃಷ್ಣವ್ವ ಸುಳ್ಳು ಹೇಳಲಿಲ್ಲ.

“ಹೋಗಿಲ್ಲ ತಮ್ಮಾ. ಹೋಗ್ತದಂತನೂ ಅನಸೂದಿಲ್ಲ. ಆದ್ರ ನೀ ಬಂದ್ರ ಕದಾ ಹಾಕೂದಿಲ್ಲ. ಚಾ ಆರತೈತಿ, ಕುಡಿ.”