ಕುಂಕುಮ ಹಚ್ಚಿದ ಕನ್ನಡಕ

ಇವತ್ತು ಲಗ್ಗೆರೆಯ ಬೀದಿಯಲ್ಲಿ ಸುಟ್ಟ ಉಕ್ಕಿನ ವಾಸನೆ ಬಂತು. ಲೇಸರ್‌ನಿಂದ ತಗಡು ಕತ್ತರಿಸುತ್ತಿದ್ದ ಅಪ್ಪನ ಅಂಗಿಗೂ ಇದೇ ವಾಸನೆಯಿತ್ತು. ಅವರು ಕೆಲಸಕ್ಕಿದ್ದ ಶೆಡ್ಡಿನಲ್ಲಿದ್ದದ್ದು ಒಂದೇ ರಕ್ಷಣೆಯ ಕನ್ನಡಕ. ಆಯುಧಪೂಜೆಗೆ ಅದರ ಗಾಜಿಗೂ ಕುಂಕುಮ ಹಚ್ಚಿ ದೇವರ ಪಟದ ಪಕ್ಕ ತೂಗುಹಾಕಿದರು. ಪೂಜೆಯ ಸಾಮಾನೆಂದು ಆಮೇಲೆ ಯಾರೂ ಮುಟ್ಟಲಿಲ್ಲ.

ವಿಜ್ಞಾನದ ಕಿರುಪುಸ್ತಕ ಓದಿಕೊಂಡು ನಾನು ಹೇಳಿದ್ದೆ: "ಅಪ್ಪಾ, ಲೇಸರ್‌ನಲ್ಲಿ ಅಲೆಗಳೆಲ್ಲ ಒಟ್ಟಿಗೇ ಏಳ್ತವೆ, ಒಟ್ಟಿಗೇ ಬೀಳ್ತವೆ. ಅದಕ್ಕೇ ಅಷ್ಟು ಶಕ್ತಿ. ನಿಮ್ಮ ಮಷೀನಿನ ಬೆಳಕು ಕಣ್ಣಿಗೆ ಕಾಣೋದೂ ಇಲ್ಲ. ಕನ್ನಡಕ ಹಾಕ್ಕೊಳ್ಳಿ."

"ಕಾಣದೇ ಇರೋ ಬೆಳಕು ಕಣ್ಣಿಗೇನೋ ಮಾಡುತ್ತೆ? ಹೋಗೋ, ಪಂಡಿತ!" ಎಂದು ಅಪ್ಪ ನಕ್ಕರು.

ಒಂದು ದಿನ ಆ ಕಾಣದ ಬೆಳಕು ಹೊಳೆಯುವ ತಗಡಿನಿಂದ ಚಿಮ್ಮಿ ಅವರ ಎರಡೂ ಕಣ್ಣಿನ ಒಳಪರದೆಯ ನಡುಭಾಗ ಸುಟ್ಟಿತು; ಅಂಚಿನ ನೋಟವಷ್ಟೇ ಉಳಿಯಿತು. ಮಾಲೀಕರು ಗ್ರಹಚಾರ ಎಂದರು. ಕೆಲಸದವರ ಕಣ್ಣು ಅಗ್ಗವಾಗಿದ್ದೇ ಕಾರಣ ಎಂದು ನಾನು ಇಂದಿಗೂ ಹೇಳುತ್ತೇನೆ.

ಈ ಸಂಜೆ ಅಪ್ಪನ ಎದುರು ಕೂತೆ. "ಕಿವಿ ಎರಡೂ ಕಾಣುತ್ತೆ ಕಣೋ," ಎಂದರು, "ಮುಖ ಎಲ್ಲಿಟ್ಟಿದೀಯಾ?"