ಶುಕ್ರವಾರವಲ್ಲದ ದಿನದ ಸಾಂಬ್ರಾಣಿ

ಶಿಡ್ಲಘಟ್ಟದ ಹಳೆಯ ಬಡಾವಣೆಯಲ್ಲಿ ಮಾರಾಟಕ್ಕಿರುವ ಮನೆಯೊಂದನ್ನು ನೋಡಲು ಇವತ್ತು ಹೋಗಿದ್ದೆ. ಬಾಗಿಲು ತೆರೆಯುತ್ತಲೇ ಸಾಂಬ್ರಾಣಿಯ ಹೊಗೆ, ಅದರಡಿಯಲ್ಲಿ ಬೆಂದ ರೇಷ್ಮೆಗೂಡಿನ ವಾಸನೆ.

ನಾನು ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಆ ಹಬೆಗೆ ಅಮ್ಮನಿಗೆ ಉಬ್ಬಸ. ಮನೆ ಮಾರಿ ಬೇರೆ ಕಡೆ ಹೋಗೋಣವೆಂದು ಅಪ್ಪನನ್ನು ಹೇಗೋ ಒಪ್ಪಿಸಿದ್ದರು. ಮನೆ ನೋಡಲು ಯಾರಾದರೂ ಬರುತ್ತಾರೆಂದರೆ ಕೆಮ್ಮುತ್ತಲೇ ಮೂಲೆಮೂಲೆಗೂ ಸಾಂಬ್ರಾಣಿ ಹಾಕುತ್ತಿದ್ದರು. ನನಗೋ ಹಿತ್ತಲಿನ ಸೀಬೆಮರ ಬಿಟ್ಟು ಹೋಗಲು ಇಷ್ಟವಿರಲಿಲ್ಲ.

ಗೌರಿಬಿದನೂರಿನಿಂದ ಬಂದ ದಂಪತಿಗೆ ಮನೆ ಹಿಡಿಸಿಬಿಟ್ಟಿತು. "ಶುಕ್ರವಾರ ಅಲ್ದಿದ್ರೂ ಸಾಂಬ್ರಾಣಿ ಹಾಕಿದ್ದೀರಲ್ಲ," ಎಂದು ಆಕೆ ಮೆಚ್ಚಿಕೊಂಡರು.

"ಹುಳದ ವಾಸ್ನೆ ಗೊತ್ತಾಗ್ಬಾರ್ದು ಅಂತ ಹಾಕ್ತಾರೆ ಆಂಟಿ," ಎಂದೆ. ಬೇಕೆಂದೇ ಹೇಳಿದೆ.

ಅವರು ಮತ್ತೆ ಬರಲಿಲ್ಲ. ಮನೆ ಮಾರಾಟವಾಗುವಷ್ಟರಲ್ಲಿ ಇನ್ನೂ ಮೂರು ಚಳಿಗಾಲ ಕಳೆದವು. ಅಮ್ಮ ನನ್ನನ್ನು ಬೈಯಲಿಲ್ಲ. ಆ ಮೂರು ಚಳಿಗಾಲವೂ ಗೋಡೆಗೊರಗಿ ಕೂತೇ ನಿದ್ದೆ ಮಾಡಿದರು.

ಇವತ್ತಿನ ಮನೆಯೊಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದರು. ಆಮೇಲೆ ಅಳುಕುತ್ತಾ ಕೇಳಿದರು: "ಏನಾದ್ರೂ ವಾಸ್ನೆ ಬರ್ತೈತೇನಮ್ಮ?"

"ಇಲ್ಲಮ್ಮ," ಎಂದೆ. "ಬರೀ ಸಾಂಬ್ರಾಣಿದು."